ಮೀನಖಂಡ

ನನ್ನ ಕಾಲಿನಲ್ಲಿ ಮೀನಖಂಡವೆಂಬುದೊಂದು ಇದೆಯೆಂಬ ಸಂಗತಿ ಹೋದ ವರ್ಷದ ಸೆಪ್ಟೆಂಬರ್ ತಿಂಗಳವರೆಗೆ ನನ್ನ ಗಮನಕ್ಕೆ ಬಂದಿರಲಿಲ್ಲ. ಹಲ್ಲು ನೋಯದವನಿಗೆ ಹಲ್ಲಿನ ನೆನಪಾಗುವುದಿಲ್ಲ, ಹಾಗೆಯೇ ಇದೂ. ಮೊಣಕಾಲಿನ ಹಿಂಬದಿಯಲ್ಲಿ ದಪ್ಪಗೆ ಉಬ್ಬಿ, ಕೆಳಕ್ಕೆ ಇಳಿಯುತ್ತ ಸಣ್ಣಗಾಗಿ, ಹಿಮ್ಮಡಿಯ ಬಳಿ ಹುರಿಯಂತೆ ಮುಗಿಯುವ ಆ ಮಾಂಸದ ಮುದ್ದೆಯಲ್ಲಿ ನಮ್ಮ ಪೂರ್ವಿಕರಲ್ಲಿ ಯಾರಿಗೋ ಮೀನು ಕಂಡಿತು. ಹಾಗೆ ಕಂಡವನು ಕವಿಯೇ ಆಗಿರಬೇಕು. ಗ್ರೀಕರಿಗೆ ಅದೇ ಜಾಗದಲ್ಲಿ ಹೊಟ್ಟೆ ಕಂಡಿತು. ವೈದ್ಯರು ಇಂದಿಗೂ ಹೇಳುವ ‘ಗ್ಯಾಸ್ಟ್ರೊಕ್ನೀಮಿಯಸ್’ ಎಂಬ ಹೆಸರಿಗೆ ಕಾಲಿನ ಹೊಟ್ಟೆಯೆಂದು ಅರ್ಥ. ಲ್ಯಾಟಿನ್ ಭಾಷೆಯವರಿಗಂತೂ ಮೈಯ ಸ್ನಾಯುಗಳೆಲ್ಲ ಚರ್ಮದ ಕೆಳಗೆ ಓಡಾಡುವ ಇಲಿಮರಿಗಳಂತೆ ಕಂಡವು. ‘ಮಸಲ್’ ಎಂಬ ಮಾತು ಹುಟ್ಟಿದ್ದು ಇಲಿಮರಿಯಿಂದ. ಮೀನೋ, ಹೊಟ್ಟೆಯೋ, ಇಲಿಯೋ, ಇವುಗಳಲ್ಲಿ ಯಾವುದು ಸರಿಯೆಂದು ತೀರ್ಮಾನಿಸಲು ನನಗೆ ಎರಡೂವರೆ ತಿಂಗಳ ಬಿಡುವು ದೊರೆಯಿತು. ನನ್ನ ಮತ ಮೀನಿಗೆ. ಕೈಯಲ್ಲಿ ಹಿಡಿದುಕೊಂಡೆವೆಂದು ಭಾವಿಸುವ ಹೊತ್ತಿಗೆ ಜಾರುವುದು ಅದೊಂದೇ.

ಪುರಾಣಕರ್ತರು ಮಾತ್ರ ಈ ಮೀನಖಂಡಕ್ಕೆ ಅನ್ಯಾಯ ಮಾಡಿದ್ದಾರೆ. ದುರ್ಯೋಧನನಿಗೆ ಪೆಟ್ಟು ಬಿದ್ದದ್ದು ತೊಡೆಗೆ. ಶ್ರೀಕೃಷ್ಣನಿಗೆ ಬೇಡನ ಬಾಣ ತಾಕಿದ್ದು ಪಾದಕ್ಕೆ. ಗ್ರೀಕರ ಅಕಿಲೀಸನಿಗೆ ಹಿಮ್ಮಡಿಗೆ. ತೊಡೆಗೂ ಹಿಮ್ಮಡಿಗೂ ನಡುವೆ ಇಷ್ಟು ದೊಡ್ಡ ಜಾಗವಿದ್ದರೂ ಅಲ್ಲಿ ಪೆಟ್ಟು ತಿಂದ ಒಬ್ಬ ವೀರನೂ ನಮಗೆ ಸಿಕ್ಕುವುದಿಲ್ಲ. ಆದ್ದರಿಂದ ‘ಮೀನಖಂಡ ಹರಿದಿದೆ’ ಎಂದು ಹೇಳಿಕೊಳ್ಳುವುದರಲ್ಲಿ ಯಾವ ಘನತೆಯೂ ಇಲ್ಲ. ಕೇಳಿದವರು ಮೊದಲು ನನ್ನ ಕಾಲನ್ನು ನೋಡುತ್ತಾರೆ. ಅಲ್ಲಿ ಕಟ್ಟಿಲ್ಲ, ರಕ್ತವಿಲ್ಲ. ಆಮೇಲೆ ನನ್ನ ಮುಖವನ್ನು ನೋಡುತ್ತಾರೆ. ಅಲ್ಲಿ ಅವರಿಗೆ ಕಾಣುವುದು, ಹಾಜರಿ ತಪ್ಪಿಸಿಕೊಳ್ಳಲು ಉಪಾಯ ಹುಡುಕುತ್ತಿರುವ ವಿದ್ಯಾರ್ಥಿ.

ನಾನು ೧೫೦೦ ಮೀಟರ್ ಓಡುವವನು. ನಮ್ಮ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣಕ್ಕೆ ಮುಂಜಾನೆ ಐದೂವರೆಗೆ ಬಂದವರಿಗೆ ಅಲ್ಲಿನ ಜನಸಂದಣಿ ಗೊತ್ತಿರುತ್ತದೆ. ಅರ್ಧಕ್ಕರ್ಧ ಮಂದಿ ಪೊಲೀಸು ಕೆಲಸಕ್ಕೆ ತಯಾರಾಗುತ್ತಿರುವವರು. ೧೬೦೦ ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸುವುದು ಅವರ ಗುರಿ. ಇನ್ನುಳಿದವರಲ್ಲಿ ಸಕ್ಕರೆ ಕಾಯಿಲೆಯವರು ಹಲವರು. ಯಾವ ಕೆಲಸಕ್ಕೂ ಅಲ್ಲದೆ, ಯಾವ ಕಾಯಿಲೆಗೂ ಅಲ್ಲದೆ, ಓಡಬೇಕೆಂದು ಓಡುವವರು ನಾಲ್ಕೋ ಐದೋ ಜನ. ಆ ನಾಲ್ಕೈದರಲ್ಲಿ ನಾನೊಬ್ಬ. ಹಿಂದಿನ ವರ್ಷ ವಿಶ್ವವಿದ್ಯಾನಿಲಯದ ಅಂತರಕಾಲೇಜು ಕ್ರೀಡಾಕೂಟದಲ್ಲಿ ೪ ನಿಮಿಷ ೨೪ ಸೆಕೆಂಡಿನಲ್ಲಿ ಓಡಿ ಮೂರನೆಯವನಾಗಿದ್ದೆ. ಈ ಕಾಲ ಲೋಕದ ಲೆಕ್ಕದಲ್ಲಿ ಏನೂ ಅಲ್ಲ. ಮೊರಾಕ್ಕೋ ದೇಶದ ಹಿಶಾಮ್ ಎಲ್ ಗೆರೂಜ್ ೧೯೯೮ರಲ್ಲಿ ಇದೇ ದೂರವನ್ನು ೩ ನಿಮಿಷ ೨೬ ಸೆಕೆಂಡಿನಲ್ಲಿ ಮುಗಿಸಿದ. ಅವನು ಮುಗಿಸಿದಾಗ ನಾನು ಕೊನೆಯ ಸುತ್ತಿನ ಆರಂಭವನ್ನಷ್ಟೇ ದಾಟಿ ಏದುಸಿರು ಬಿಡುತ್ತಿರುತ್ತೇನೆ. ಆದರೆ ನಮ್ಮ ಕಾಲೇಜಿನ ಲೆಕ್ಕದಲ್ಲಿ ನನಗೊಂದು ಹೆಸರಿತ್ತು. ಕ್ಯಾಂಟೀನಿನಲ್ಲಿ ‘ಓಟದವನು’ ಎಂದರೆ ನಾನೇ. ಅಂತಿಮ ಬಿ.ಎ. ಆದ್ದರಿಂದ ಇನ್ನೊಂದೇ ಒಂದು ಕ್ರೀಡಾಕೂಟ ಉಳಿದಿತ್ತು.

ಸೆಪ್ಟೆಂಬರ್ ಎರಡನೆಯ ವಾರದ ಒಂದು ಬೆಳಿಗ್ಗೆ ಜೋಗಿಮಟ್ಟಿಯ ಏರಿನಲ್ಲಿ ಓಡುತ್ತಿದ್ದೆ. ಹಿಂದಿನ ರಾತ್ರಿ ತುಂತುರು ಮಳೆಯಾಗಿ ಗಾಳಿ ತಣ್ಣಗಿತ್ತು. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ಎರಡನೆಯ ತಿರುವು ಕಳೆದು ವೇಗ ಹೆಚ್ಚಿಸಿದೆನೋ ಇಲ್ಲವೋ, ಯಾರೋ ಹಿಂದಿನಿಂದ ನನ್ನ ಎಡಗಾಲಿಗೆ ಕಲ್ಲು ಬೀಸಿ ಹೊಡೆದರು. ‘ಟಪ್’ ಎಂಬ ಶಬ್ದ ಕೂಡ ಕೇಳಿಸಿತು. ಕೋಪದಿಂದ ತಿರುಗಿ ನೋಡಿದೆ. ಮಾರುದ್ದದಲ್ಲಿ ಯಾರೂ ಇಲ್ಲ. ಬಹಳ ಕೆಳಗೆ, ಬೇವಿನ ಕಡ್ಡಿ ಅಗಿಯುತ್ತ ಏರು ಹತ್ತುತ್ತಿದ್ದ ಮುದುಕರೊಬ್ಬರು ಮಾತ್ರ ಇದ್ದರು. ಅವರು ಅಷ್ಟು ದೂರದಿಂದ ಗುರಿಯಿಟ್ಟು ಹೊಡೆಯಬಲ್ಲವರಾಗಿದ್ದರೆ ಭಾರತದ ಕ್ರಿಕೆಟ್ ತಂಡದಲ್ಲಿರಬೇಕಿತ್ತು. ಕಲ್ಲಿಗಾಗಿ ನೆಲದಲ್ಲಿ ಹುಡುಕಿದೆ; ಅದೂ ಇಲ್ಲ. ಮುಂದಕ್ಕೆ ಹೆಜ್ಜೆಯಿಡಲು ಹೋದಾಗ ಹಿಮ್ಮಡಿ ಮೇಲೇಳಲೇ ಇಲ್ಲ. ಆಗ ಅರ್ಥವಾಯಿತು, ಕಲ್ಲು ಹೊರಗಿನಿಂದ ಬಂದದ್ದಲ್ಲವೆಂದು.

ಹಿಂದಿರುಗಿ ನೋಡಿದ್ದರಲ್ಲಿ ನನ್ನದೇನೂ ವಿಶೇಷವಿಲ್ಲವೆಂದು ಆಮೇಲೆ ತಿಳಿಯಿತು. ಮೀನಖಂಡ ಹರಿದವರೆಲ್ಲರೂ ತಿರುಗಿ ನೋಡುತ್ತಾರಂತೆ. ಒದ್ದವರು ಯಾರೆಂದು ಹುಡುಕುತ್ತಾರಂತೆ. ಟೆನಿಸ್ ಆಡುವವರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಇಂಗ್ಲಿಷಿನವರು ಇದಕ್ಕೆ ‘ಟೆನಿಸ್ ಕಾಲು’ ಎಂದೇ ಹೆಸರಿಟ್ಟಿದ್ದಾರೆ. ಫ್ರೆಂಚರು ಇನ್ನೂ ಚೆನ್ನಾಗಿ ‘ಚಾಟಿಯೇಟು’ ಎನ್ನುತ್ತಾರೆ. ನಾನು ಟೆನಿಸ್ ಆಡಿದವನಲ್ಲ, ಚಾಟಿಯೇಟು ಮಾತ್ರ ತಿಂದೆ. ಬೇವಿನ ಕಡ್ಡಿಯ ಮುದುಕರೇ ನನ್ನ ತೋಳನ್ನು ತಮ್ಮ ಹೆಗಲ ಮೇಲೆ ಹಾಕಿಕೊಂಡು ರಸ್ತೆಯವರೆಗೆ ತಂದು ಆಟೋ ಹತ್ತಿಸಿದರು. ದಾರಿಯುದ್ದಕ್ಕೂ ಅವರು ಆಡಿದ ಮಾತು ಒಂದೇ: “ಇಷ್ಟು ಬೆಳಿಗ್ಗೆ ಯಾಕ್ ಓಡ್ತೀರಪ್ಪಾ?” ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ, ಸಿಕ್ಕಿದ ಕೂಡಲೇ ಅವರನ್ನು ಕಂಡು ಹೇಳಬೇಕೆಂದಿದ್ದೇನೆ.

ಆಸ್ಪತ್ರೆಯಲ್ಲಿ ವೈದ್ಯರು ನನ್ನನ್ನು ಬೋರಲಾಗಿ ಮಲಗಿಸಿ, ಪಾದಗಳು ಮಂಚದ ಅಂಚಿನಿಂದ ಹೊರಗೆ ತೂಗುವಂತೆ ಮಾಡಿ, ಮೀನಖಂಡವನ್ನು ಅಂಗೈಯಲ್ಲಿ ಹಿಡಿದು ಒಮ್ಮೆ ಹಿಸುಕಿದರು. ನನ್ನ ಪ್ರಾಣ ಬಾಯಿಗೆ ಬಂತು. ಆದರೆ ಪಾದ ತಾನಾಗಿಯೇ ಅಲುಗಿತು. “ಒಳ್ಳೇದಾಯ್ತು, ಹಗ್ಗ ಗಟ್ಟಿಯಾಗಿದೆ” ಎಂದರು. ಹಗ್ಗವೆಂದರೆ ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಕಟ್ಟಿರುವ ಸ್ನಾಯುರಜ್ಜು, ಅಕಿಲೀಸನ ಹೆಸರು ಹೊತ್ತದ್ದು. ಅದು ಪೂರ್ತಿ ಹರಿದಿದ್ದರೆ ಎಷ್ಟು ಹಿಸುಕಿದರೂ ಪಾದ ಅಲುಗುವುದಿಲ್ಲವಂತೆ. ಯಂತ್ರವಿಲ್ಲ, ಚಿತ್ರವಿಲ್ಲ, ಬರಿಯ ಕೈಯಿಂದ ಮಾಡುವ ಈ ಪರೀಕ್ಷೆ ನನಗೆ ಬಹಳ ಹಿಡಿಸಿತು. ರಕ್ತ ಹೆಪ್ಪುಗಟ್ಟಿದರೂ ಮೀನಖಂಡ ಹೀಗೆಯೇ ಊದಿ ನೋಯುವುದುಂಟೆಂದು ಅದನ್ನೂ ವಿಚಾರಿಸಿ ನೋಡಿದರು. ಕೊನೆಗೆ, ಒಳಮಗ್ಗುಲಿನ ಎಳೆಗಳು ಸ್ವಲ್ಪ ಹರಿದಿವೆ, ಎರಡನೆಯ ದರ್ಜೆ ಎಂದರು. ಇದರಲ್ಲಿ ಮೂರು ದರ್ಜೆಗಳಿವೆ: ಮೊದಲನೆಯದರಲ್ಲಿ ಕೆಲವೇ ಎಳೆಗಳು ಹಿಗ್ಗಿ ಹರಿಯುತ್ತವೆ, ಎರಡನೆಯದರಲ್ಲಿ ಹೆಚ್ಚು ಎಳೆಗಳು, ಮೂರನೆಯದರಲ್ಲಿ ಎಲ್ಲವೂ. ಪರೀಕ್ಷೆಗಳಲ್ಲಿ ಸದಾ ಬರುವ ದರ್ಜೆಯೇ ಇಲ್ಲಿಯೂ ನನಗೆ ಬಂತು.

ಅಲ್ಲಿಂದ ನನ್ನನ್ನು ಫಿಸಿಯೋಥೆರಪಿಯವರ ಕೋಣೆಗೆ ಕಳಿಸಿದರು. ಅವರು ಸುಮಾರು ಮೂವತ್ತು ವಯಸ್ಸಿನ ಮಹಿಳೆ, ಮಿತಭಾಷಿ. ಎಷ್ಟು ದಿನಕ್ಕೆ ಓಡಬಹುದು ಎಂದು ನಾನು ಕೇಳಿದ್ದಕ್ಕೆ, “ದಿನದ ಲೆಕ್ಕ ನನ್ನ ಹತ್ರ ಇಲ್ಲ. ಬೇರೆ ಲೆಕ್ಕ ಕೊಡ್ತೀನಿ” ಎಂದರು. ಎಡಗಾಲೊಂದರ ಮೇಲೆ ನಿಂತು ಹಿಮ್ಮಡಿಯನ್ನು ಪೂರ್ತಿ ಎತ್ತಿ ಪೂರ್ತಿ ಇಳಿಸಬೇಕು. ಹೀಗೆ ಇಪ್ಪತ್ತೈದು ಸಲ ಮಾಡಿದ ದಿನ, ನೋವಿಲ್ಲದೆ ಒಂಟಿಕಾಲಿನಲ್ಲಿ ಕುಪ್ಪಳಿಸಿದ ದಿನ, ಜೋರಾಗಿ ಓಡುವ ಮಾತು. ಅಲ್ಲಿಯವರೆಗೆ ಆ ಮಾತಿಲ್ಲ. “ನೀವು ಓಡುವಾಗ ಒಳಗಿನ ಸ್ನಾಯು ನಿಮ್ಮ ಮೈಭಾರದ ಆರೇಳು ಪಟ್ಟು ಹೊರುತ್ತೆ. ಇಪ್ಪತ್ತೈದು ಸಲ ಒಂದು ಪಟ್ಟು ಹೊರೋಕೆ ಆಗದಿದ್ರೆ ಆರು ಪಟ್ಟು ಹೇಗೆ ಹೊರುತ್ತೆ?” ಎಂದರು. ಈ ತರ್ಕಕ್ಕೆ ನಮ್ಮ ತರ್ಕಶಾಸ್ತ್ರದ ಅಧ್ಯಾಪಕರೂ ಉತ್ತರ ಹೇಳಲಾರರು. ಒಳಗಿನ ಸ್ನಾಯುವೆಂದರೆ ‘ಸೋಲಿಯಸ್’. ಮೀನಿನ ಕೆಳಗೆ ಅಡಗಿರುವ ಮತ್ತೊಂದು ಚಪ್ಪಟೆ ಸ್ನಾಯು. ಮೊಣಕಾಲು ಬಗ್ಗಿಸಿ ಹಿಮ್ಮಡಿ ಎತ್ತಿದರೆ ಕೆಲಸ ಅದರ ಮೇಲೆ ಬೀಳುತ್ತದೆ, ನೇರ ನಿಂತು ಎತ್ತಿದರೆ ಮೇಲಿನದರ ಮೇಲೆ. ಎರಡನ್ನೂ ಮಾಡಬೇಕು.

ಇನ್ನೊಂದು ಮಾತನ್ನು ಅವರು ಹೇಳಿದ್ದು ನನಗೆ ಮರೆಯದು. ಹರಿದ ಜಾಗದಲ್ಲಿ ಮೊದಲ ಕೆಲವು ದಿನ ರಕ್ತ, ಊತ. ಆಮೇಲೆ ಮೈ ತಾನೇ ಹೊಸ ನಾರನ್ನು ತಂದು ತುಂಬುತ್ತದೆ. ಆದರೆ ಆ ನಾರು ಅಡ್ಡಾದಿಡ್ಡಿ ಬಿದ್ದಿರುತ್ತದೆ. ಮೆಲ್ಲಮೆಲ್ಲಗೆ ಎಳೆತ ಕೊಟ್ಟರೆ ಎಳೆತದ ದಿಕ್ಕಿಗೆ ಸಾಲಾಗಿ ಕೂಡುತ್ತದೆ. “ಎಳೆದು ಹೊಸೆದರೆ ಹಗ್ಗ, ಸುಮ್ಮನೆ ಬಿಟ್ಟರೆ ಸಿಕ್ಕು” ಎಂದರು. ಅಂದರೆ ಅಲ್ಲಾಡದೆ ಮಲಗುವುದೂ ತಪ್ಪು, ಆತುರಪಡುವುದೂ ತಪ್ಪು. ನಡುವಿನ ದಾರಿ ಯಾವುದೆಂದು ನೋವನ್ನೇ ಕೇಳಬೇಕು. ಮಾಡುವಾಗ ತುಸು ನೋಯಬಹುದು. ಮರುದಿನ ಬೆಳಿಗ್ಗೆ ಎದ್ದಾಗ ಹಿಂದಿನ ದಿನಕ್ಕಿಂತ ಹೆಚ್ಚು ನೋಯಬಾರದು. ಒಮ್ಮೆ ಹರಿದ ಮೀನಖಂಡವೇ ಮತ್ತೆ ಹರಿಯುವ ಸಂಭವ ಹೆಚ್ಚೆಂದೂ, ಆ ಸಂಭವ ಮೊದಲ ತಿಂಗಳುಗಳಲ್ಲಿ ಬಹಳವೆಂದೂ ಎಚ್ಚರಿಸಿದರು.

ಮನೆಗೆ ಬರುವ ಹೊತ್ತಿಗೆ ಸುದ್ದಿ ಬೀದಿಗೆಲ್ಲ ಹರಡಿತ್ತು. ನಮ್ಮ ದೇಶದಲ್ಲಿ ವೈದ್ಯರ ಕೊರತೆಯಿದೆಯೆಂದು ಯಾರು ಹೇಳಿದರೋ ಕಾಣೆ. ದೊಡ್ಡಪ್ಪ ‘ಪುತ್ತೂರು ಕಟ್ಟು’ ಹಾಕಿಸಬೇಕೆಂದರು. ಅದು ಮೂಳೆಗೆ, ಇದು ಮಾಂಸ ಎಂದರೆ, “ಮಾಂಸದೊಳಗೇ ಮೂಳೆ ಇರೋದಲ್ವೇನೋ” ಎಂದರು. ಎದುರುಮನೆಯವರು ಹರಳೆಣ್ಣೆ ಬಿಸಿ ಮಾಡಿ ಗಟ್ಟಿಯಾಗಿ ತಿಕ್ಕಬೇಕೆಂದರು. ರಕ್ತಸ್ರಾವ ನಿಲ್ಲುವವರೆಗೆ ತಿಕ್ಕಿಸಿಕೊಳ್ಳಕೂಡದೆಂದು ಆಸ್ಪತ್ರೆಯಲ್ಲಿ ಹೇಳಿದ್ದರಿಂದ, ಎಣ್ಣೆಯನ್ನು ಸ್ವೀಕರಿಸಿ ತಲೆಗೆ ಹಚ್ಚಿಕೊಂಡೆ. ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ತಮ್ಮ ತರಬೇತಿಯ ಕಾಲದಲ್ಲಿ ಕಲಿತಿದ್ದ ಸೂತ್ರವನ್ನು ಒಪ್ಪಿಸಿದರು: ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು. ಅಮೆರಿಕದ ಗೇಬ್ ಮಿರ್ಕಿನ್ ಎಂಬ ವೈದ್ಯರು ೧೯೭೮ರಲ್ಲಿ ತಮ್ಮ ಪುಸ್ತಕದಲ್ಲಿ ಬರೆದ ಸೂತ್ರವಿದು. ಜಗತ್ತಿನ ಆಟದ ಮೈದಾನಗಳಲ್ಲೆಲ್ಲ ಇದೇ ಮಂತ್ರವಾಯಿತು. ತಮಾಷೆಯೆಂದರೆ ಅದೇ ಮಿರ್ಕಿನ್ನರು ೨೦೧೪ರಲ್ಲಿ, ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ತಾವೇ ಬರೆದರು. ನೋವಿಗೆ ತಂಪು ಹಿತವೆಂಬುದರಲ್ಲಿ ಮಾತ್ರ ಅನುಮಾನವಿಲ್ಲ. ನನ್ನ ತಮ್ಮ ಹೋಗಿ ಮೀನಿನ ಅಂಗಡಿಯಿಂದ ಐಸು ತಂದ. ಮೀನಿಗೆ ಮೀನಿನ ಐಸೇ ಸರಿಯೆಂದು ಅವನ ವಾದ. ಎರಡು ದಿನ ನನ್ನ ಕೋಣೆ ಮಂಗಳೂರಿನ ಬಂದರಿನ ವಾಸನೆ ಬೀರುತ್ತಿತ್ತು.

ನಮ್ಮಜ್ಜಿಯ ಚಿಕಿತ್ಸೆ ಬೇರೆ. “ಕಾಲು ಮುಂದಾಗಿ ಹುಟ್ಟಿದೋರ ಕೈಲಿ ಮೂರು ಸಲ ತುಳಿಸ್ಬೇಕು ಮಗಾ, ಉಳುಕು ತಾನೇ ಬಿಡ್ತೈತೆ.”

“ಅದು ಸೊಂಟದ ಉಳುಕಿಗಲ್ವಾ ಅಜ್ಜಿ?”

“ಸೊಂಟಕ್ಕಾಗೋದು ಕಾಲಿಗಾಗಲ್ವಾ? ಸೊಂಟದ ಕೆಳಗೇ ತಾನೇ ಕಾಲಿರಾದು.”

ತುಳಿಯುವವರು ಊರಲ್ಲಿದ್ದರು, ನಾವು ಪೇಟೆಯಲ್ಲಿದ್ದೆವು. ಇದರಿಂದ ನಾನು ಉಳಿದುಕೊಂಡೆ. ನಾಲ್ಕನೆಯ ದಿನ ಅಜ್ಜಿಗೆ ನಿಜವಾದ ಗಾಬರಿ ಹತ್ತಿತು. ನೋವಿದ್ದದ್ದು ಮೇಲೆ, ಆದರೆ ಕಣಕಾಲಿನ ಗಂಟಿನ ಸುತ್ತ ಕಪ್ಪುನೀಲಿ ಬಣ್ಣ ಕಾಣಿಸಿಕೊಂಡಿತು. ಒಳಗೆ ಸುರಿದ ರಕ್ತ ಭೂಮಿಯ ಸೆಳೆತಕ್ಕೆ ಕೆಳಗಿಳಿದು ಅಲ್ಲಿ ನಿಲ್ಲುತ್ತದೆಂದು ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಅದು ನೀಲಿಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗಿ ಮಾಯವಾಗುವವರೆಗೆ ಬೆಳಿಗ್ಗೆ ಸಂಜೆ ಕನ್ನಡಕ ಹಾಕಿಕೊಂಡು ನೋಡಿದಳು.

ಎರಡನೆಯ ವಾರದಿಂದ ನಡಿಗೆಗೆ ಅಪ್ಪಣೆಯಾಯಿತು. ಬೂಟಿನೊಳಗೆ ಹಿಮ್ಮಡಿಯನ್ನು ತುಸು ಎತ್ತರಿಸಿದರೆ ಮೀನಖಂಡದ ಮೇಲೆ ಎಳೆತ ಕಡಿಮೆಯಾಗುತ್ತದೆ. ಸಂತೆಯ ಬಳಿ ಕೂರುವ ಚಮ್ಮಾರರು ಹಳೆಯ ಚಪ್ಪಲಿಯ ರಬ್ಬರಿನಲ್ಲಿ ಎರಡು ತುಂಡು ಕತ್ತರಿಸಿ, ಎರಡೂ ಬೂಟಿಗೆ ಕೂರಿಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ನನಗೆ ಹೊಂದುವ ವೇಗದಲ್ಲಿ ನಡೆಯಬಲ್ಲವರು ನಮ್ಮ ಮನೆಯಲ್ಲಿ ಅಜ್ಜಿಯೊಬ್ಬಳೇ. ಆಕೆಗೆ ಬಲ ಮೊಣಕಾಲು ನೋವು, ನನಗೆ ಎಡ ಮೀನಖಂಡ; ಇಬ್ಬರೂ ಸೇರಿದರೆ ಎರಡು ಒಳ್ಳೆಯ ಕಾಲುಗಳಾಗುತ್ತಿದ್ದವು. ದಿನವೂ ಸಂಜೆ ಬೀದಿಯ ತುದಿಯ ಅರಳಿಮರದವರೆಗೆ ಹೋಗಿ ಬರುತ್ತಿದ್ದೆವು. ಆ ದೂರವನ್ನು ನಾನು ಹಿಂದೆ ಒಂದು ನಿಮಿಷದೊಳಗೆ ಓಡುತ್ತಿದ್ದೆ. ಈಗ ಹದಿನೈದು ನಿಮಿಷ ಹಿಡಿಯುತ್ತಿತ್ತು. ದಾರಿಯಲ್ಲಿ ಎಷ್ಟು ಮನೆಗಳಿವೆ, ಯಾವ ಮನೆಯವರಿಗೆ ಯಾರೊಡನೆ ಮಾತಿಲ್ಲ, ಯಾವ ನಾಯಿ ಬೊಗಳುತ್ತದೆ, ಯಾವುದು ಕಚ್ಚುತ್ತದೆ, ಎಲ್ಲ ತಿಳಿಯಿತು. ಅಜ್ಜಿ ಹುಡುಗಿಯಾಗಿದ್ದಾಗ ಹೊಳಲ್ಕೆರೆಯ ಕಡೆಯ ತನ್ನ ತವರಿನಿಂದ ದುರ್ಗದ ಸಂತೆಗೆ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದು ಬರುತ್ತಿದ್ದಳೆಂಬುದೂ ಆಗಲೇ ನನಗೆ ತಿಳಿದದ್ದು. ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಕೇಳಿದೆ. ನಾವು ಓಟಗಾರರಿಗೆ ಬೇರೆ ಪ್ರಶ್ನೆ ಹೊಳೆಯುವುದಿಲ್ಲ. “ಕೋಳಿ ಕೂಗಿದಾಗ ಹೊಂಟ್ರೆ ಸಂತೆ ಕೂಡೋ ಹೊತ್ತಿಗೆ ಇರ್ತಿದ್ವಿ” ಎಂದಳು.

ಕಾಲೇಜಿನಲ್ಲಿ ಇತಿಹಾಸದ ತರಗತಿ ಮಹಡಿಯ ಮೇಲೆ. ಹತ್ತುವುದಕ್ಕೆ ಒಂದು ಉಪಾಯ, ಇಳಿಯುವುದಕ್ಕೆ ಇನ್ನೊಂದು. ಅದನ್ನು ನೋಡಿ ನಕ್ಕವರನ್ನು ಕ್ಷಮಿಸಿದ್ದೇನೆ. ಆದರೆ ಮರುಕದಿಂದ ಮಾತನಾಡಿಸಿದವರೇ ಹೆಚ್ಚು ಕಷ್ಟ ಕೊಟ್ಟರು. ಅವರಲ್ಲಿ ಬಹುಮಂದಿ ತಮ್ಮ ಫೋನಿನಲ್ಲಿ ಒಂದೇ ಚಿತ್ರವನ್ನು ತೋರಿಸಿದರು: ೧೯೯೨ರ ಬಾರ್ಸಿಲೋನಾ ಒಲಿಂಪಿಕ್ಸಿನಲ್ಲಿ ೪೦೦ ಮೀಟರಿನ ಉಪಾಂತ್ಯ ಓಟ. ಬ್ರಿಟನ್ನಿನ ಡೆರೆಕ್ ರೆಡ್ಮಂಡ್ ಚೆನ್ನಾಗಿ ಹೊರಟು, ಹಿಂದೊಡೆಯ ಸ್ನಾಯು ಹರಿದು ಕುಸಿಯುತ್ತಾನೆ. ಎದ್ದು ಒಂಟಿಕಾಲಿನಲ್ಲಿ ಕುಪ್ಪಳಿಸುತ್ತ ಹೊರಡುತ್ತಾನೆ. ಅವನ ತಂದೆ ಜಿಮ್, ತಡೆಯ ಬಂದವರನ್ನು ತಳ್ಳಿ, ಅಂಕಣಕ್ಕೆ ನುಗ್ಗಿ ಮಗನನ್ನು ತೋಳಿನಲ್ಲಿ ಹಿಡಿದು ಗೆರೆಯವರೆಗೆ ನಡೆಸುತ್ತಾನೆ. ಅರವತ್ತೈದು ಸಾವಿರ ಜನ ಎದ್ದು ನಿಲ್ಲುತ್ತಾರೆ. ಕಲ್ಲೆದೆಯೂ ಕರಗುವ ದೃಶ್ಯ. ನನಗೂ ಮೊದಲ ಸಲ ಕಣ್ಣು ತುಂಬಿತು. ಐದನೆಯ ಸಲ ತೋರಿಸಿದಾಗ ಮಾತ್ರ ಸಿಟ್ಟು ಬಂತು. ಏಕೆಂದರೆ ಅವನು ಬಿದ್ದದ್ದನ್ನು ನೋಡಿದವರಾರಿಗೂ ಮುಂದಿನ ಕಥೆ ಗೊತ್ತಿರಲಿಲ್ಲ. ಅದಕ್ಕೂ ಮುಂಚೆ, ೧೯೮೮ರ ಸೋಲ್ ಒಲಿಂಪಿಕ್ಸಿನಲ್ಲಿ, ಹಿಮ್ಮಡಿಯ ಹಗ್ಗದ ನೋವಿನಿಂದಾಗಿ ತನ್ನ ಮೊದಲ ಓಟಕ್ಕೆ ಸ್ವಲ್ಪ ಮುನ್ನ ಅವನು ಹಿಂದೆ ಸರಿದಿದ್ದ. ಹಲವು ಶಸ್ತ್ರಚಿಕಿತ್ಸೆಗಳಾದ ಮೇಲೆ ೧೯೯೧ರ ಟೋಕಿಯೋ ವಿಶ್ವಸ್ಪರ್ಧೆಯಲ್ಲಿ ತನ್ನ ದೇಶದ ರಿಲೇ ತಂಡದಲ್ಲಿ ಓಡಿ ಚಿನ್ನ ಗೆದ್ದಿದ್ದ. ಆ ಮೂರು ವರ್ಷಗಳಲ್ಲಿ ಅವನು ಯಾವ ಮೆಟ್ಟಿಲ ಮೇಲೆ ನಿಂತು ಎಷ್ಟು ಸಲ ಹಿಮ್ಮಡಿ ಎತ್ತಿದನೋ ಅದರ ಚಿತ್ರವನ್ನು ಯಾರೂ ತೆಗೆದಿಲ್ಲ. ತೆಗೆದಿದ್ದರೂ ನೋಡುವವರಿರುತ್ತಿರಲಿಲ್ಲ. ನನಗೆ ಬೇಕಾಗಿದ್ದದ್ದು ಆ ಚಿತ್ರ.

ಹಿಮ್ಮಡಿ ಎತ್ತುವ ಕೆಲಸಕ್ಕಿಂತ ಬೇಸರದ ಕೆಲಸ ಪ್ರಪಂಚದಲ್ಲಿ ಇನ್ನೊಂದಿಲ್ಲ. ಗೋಡೆಯನ್ನು ಬೆರಳುಗಳಿಂದ ಮುಟ್ಟಿ ನಿಲ್ಲುವುದು, ಏಳುವುದು, ಇಳಿಯುವುದು. ಮೊದಲು ಎರಡೂ ಕಾಲಿನಲ್ಲಿ. ಮೂರನೆಯ ವಾರ ಎಡಗಾಲೊಂದರಲ್ಲೇ ಪ್ರಯತ್ನಿಸಿದಾಗ ಮೈಯೇ ಮೇಲೇಳಲಿಲ್ಲ. ಯಾರೋ ಹಿಮ್ಮಡಿಯನ್ನು ನೆಲಕ್ಕೆ ಮೊಳೆ ಹೊಡೆದು ನಿಲ್ಲಿಸಿದಂತಿತ್ತು. ಎದುರಿಗೆ ಗೋಡೆಯ ಕ್ಯಾಲೆಂಡರು. ನಾಲ್ಕನೆಯ ವಾರದ ಸೋಮವಾರ ಒಂದು ಸಲ ಎದ್ದೆ. ಗುರುವಾರ ಮೂರು ಸಲ. ಅದರ ಮರುವಾರ ಎಂಟು. ಕ್ಯಾಲೆಂಡರಿನ ತಾರೀಖುಗಳ ಕೆಳಗೆ, ಹಾಲಿನ ಲೆಕ್ಕದ ಪಕ್ಕದಲ್ಲಿ, ಈ ಲೆಕ್ಕವನ್ನೂ ಪೆನ್ಸಿಲಿನಲ್ಲಿ ಬರೆದೆ. ಒಂದು ತಿಂಗಳು ಹಾಲಿನವನಿಗೆ ನನ್ನ ಹಿಮ್ಮಡಿಗಳಿಗೂ ಸೇರಿಸಿ ದುಡ್ಡು ಕೊಡುವುದರಲ್ಲಿದ್ದರು ನಮ್ಮ ತಾಯಿ. ಪ್ರತಿ ಭಾನುವಾರ ಪಕ್ಕದ ದರ್ಜಿಯವರ ಅಳತೆ ಪಟ್ಟಿ ತಂದು ಎರಡೂ ಮೀನಖಂಡಗಳ ಸುತ್ತಳತೆ ನೋಡುತ್ತಿದ್ದೆ. ಬಲದ್ದು ಮೂವತ್ತಾರು ಸೆಂಟಿಮೀಟರು. ಎಡದ್ದು ಒಂದು ಹಂತದಲ್ಲಿ ಮೂವತ್ತನಾಲ್ಕಕ್ಕೆ ಇಳಿದಿತ್ತು. ಕೆಲಸವಿಲ್ಲದ ಸ್ನಾಯು ಇಷ್ಟು ಬೇಗ ಕರಗುವುದನ್ನು ನೋಡಿದರೆ ಮನಸ್ಸಿಗೆ ಒಂದು ಬಗೆಯ ಭಯವಾಗುತ್ತದೆ. ವರ್ಷಗಟ್ಟಲೆ ಕೂಡಿಸಿದ್ದು ವಾರಗಟ್ಟಲೆಯಲ್ಲಿ ಖರ್ಚು.

ಐದನೆಯ ವಾರ ಸೈಕಲ್ಲಿನಲ್ಲಿ ಚಂದ್ರವಳ್ಳಿಯವರೆಗೆ ಹೋಗಿ ಬರಲು ಆರಂಭಿಸಿದೆ. ಆರನೆಯ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕ್ರೀಡಾಂಗಣದ ಹೊರಸುತ್ತಿನಲ್ಲಿ ಸಕ್ಕರೆ ಕಾಯಿಲೆಯವರ ಜೊತೆಯಲ್ಲಿ ನಾನು ಹೀಗೆ ಸಾಗುತ್ತಿದ್ದರೆ, ಒಳಸುತ್ತಿನಲ್ಲಿ ಚಳ್ಳಕೆರೆ ಕಡೆಯ ಒಬ್ಬ ಹುಡುಗ, ಮೊದಲ ವರ್ಷದವನು, ನನ್ನ ಹಳೆಯ ವೇಗದಲ್ಲಿ ಸುತ್ತು ಹಾಕುತ್ತಿದ್ದ. ಅವನಿಗೆ ಓಟದ ಹೆಜ್ಜೆ ಹಾಕುವುದನ್ನು ಜುಲೈಯಲ್ಲಿ ತೋರಿಸಿಕೊಟ್ಟವನು ನಾನೇ. ಪ್ರತಿ ಸುತ್ತಿಗೂ ನನ್ನನ್ನು ದಾಟುವಾಗ “ಹೆಂಗೈತಣ್ಣಾ?” ಎಂದು ಕೇಳುತ್ತಿದ್ದ. ಒಂದು ಬೆಳಿಗ್ಗೆಗೆ ಹನ್ನೆರಡು ಸಲ. ಒಳ್ಳೆಯ ಹುಡುಗ. ಆದರೂ ಹನ್ನೆರಡು ಸಲ ‘ಪರವಾಗಿಲ್ಲ’ ಎನ್ನುವುದು ಸುಲಭವಲ್ಲ.

ನವೆಂಬರಿನ ಕೊನೆಗೆ ದಾವಣಗೆರೆಯಲ್ಲಿ ಕೂಟ. ೧೫೦೦ ಮೀಟರಿಗೆ ನಮ್ಮ ಕಾಲೇಜಿನಿಂದ ಇಬ್ಬರು. ಒಂದು ಜಾಗ ಆಗಲೇ ನಿಶ್ಚಯವಾಗಿತ್ತು. ಇನ್ನೊಂದಕ್ಕೆ ನಾನು ಅಥವಾ ಆ ಹುಡುಗ. ಹೆಸರು ಕಳಿಸುವ ಕೊನೆಯ ದಿನ, ಅಂದರೆ ನನ್ನ ಎಂಟನೆಯ ವಾರದಲ್ಲಿ, ನಿರ್ದೇಶಕರು ನನ್ನನ್ನು ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಅರ್ಜಿಯ ಹಾಳೆ, ಅದರಲ್ಲಿ ಒಂದು ಸಾಲು ಖಾಲಿ. “ಹೋದ ಸಲ ಮೂರನೆಯವನಾಗಿದ್ದೀಯ. ನಿನಗೆ ಆಯ್ಕೆಯ ಓಟವೂ ಬೇಕಿಲ್ಲ. ನೀನು ಹೂಂ ಅಂದರೆ ನಿನ್ನ ಹೆಸರನ್ನೇ ಬರೀತೀನಿ. ಇನ್ನೂ ಹದಿನೆಂಟು ದಿನ ಇದೆ. ಯೋಚನೆ ಮಾಡು” ಎಂದರು.

ಆ ಕೋಣೆಯಲ್ಲಿ ಗುಂಡು, ಭರ್ಜಿ, ಹಳೆಯ ವಾಲಿಬಾಲ್ ಬಲೆಗಳ ನಡುವೆ ಒಂದು ಬೆಂಚಿದೆ. ಅದರ ಮೇಲೆ ಕುಳಿತು ಯೋಚನೆ ಮಾಡಿದೆ. ಆ ಹೊತ್ತಿಗೆ ನಾನು ನಾಲ್ಕು ಕಿಲೋಮೀಟರು ನೋವಿಲ್ಲದೆ ಮೆಲ್ಲಗೆ ಓಡುತ್ತಿದ್ದೆ. ನೋಡಿದವರಿಗೆ ನಾನು ಪೂರ್ತಿ ಗುಣವಾದವನೇ. ಆದರೆ ೧೫೦೦ ಮೀಟರಿನ ಕೊನೆಯ ಮುನ್ನೂರು ಮೀಟರು ಮೆಲ್ಲಗೆ ಓಡುವುದಲ್ಲ. ಹಿಮ್ಮಡಿ ನೆಲ ಸೋಕದಂತೆ ಮುಂಗಾಲಿನಲ್ಲಿ ಓಡುವುದು. ಗುಣವಾಗಿದೆಯೆಂದು ನನಗೆ ಅನಿಸುತ್ತಿತ್ತು, ಅನಿಸುವುದು ಬೇರೆ. ಇದು ಕೊನೆಯ ವರ್ಷ. ಇದಾದ ಮೇಲೆ ನಾನು ಯಾವ ಕಾಲೇಜಿನ ಬನಿಯನ್ನನ್ನು ತೊಟ್ಟು ಓಡುತ್ತೇನೆ? ಎದ್ದು ಗೋಡೆಯ ಕಡೆಗೆ ತಿರುಗಿ ನಿಂತೆ. “ಏನೋ ಅದು?” ಎಂದರು ನಿರ್ದೇಶಕರು. “ಎಣಿಸಿ ಸಾರ್” ಎಂದೆ. ಅವರು ಗಟ್ಟಿಯಾಗಿ ಎಣಿಸಿದರು. ಹದಿನೈದರವರೆಗೆ ಸಲೀಸಾಗಿ ಹೋಯಿತು. ಹದಿನೆಂಟಕ್ಕೆ ಕಾಲು ನಡುಗಿತು. ಹತ್ತೊಂಬತ್ತಕ್ಕೆ ಹಿಮ್ಮಡಿ ಅರ್ಧವಷ್ಟೇ ಎದ್ದಿತು. ಅದನ್ನೂ ಅವರು ಎಣಿಸಿದರು, ಪಾಪ. ಇಪ್ಪತ್ತು ಎನ್ನಲು ಬಾಯಿ ತೆರೆದವರು ಹಾಗೆಯೇ ಸುಮ್ಮನಾದರು.

“ಅವನ ಹೆಸರು ಬರೀರಿ ಸಾರ್” ಎಂದೆ.

ಬರೆದರು. ಬರೆಯುವಾಗ ತಲೆಯೆತ್ತಲಿಲ್ಲ.

ಆ ಸಂಜೆ ನಾನು ಯಾರೊಡನೆಯೂ ಮಾತನಾಡಲಿಲ್ಲ. ಅರಳಿಮರಕ್ಕೂ ಹೋಗಲಿಲ್ಲ. ರಾತ್ರಿ ಎಂಟರ ಹೊತ್ತಿಗೆ ಆ ಹುಡುಗ ಒಂದು ಚೀಲ ಹಸಿ ಶೇಂಗಾ ಹಿಡಿದು ಬಂದ. ತಮ್ಮ ಹೊಲದ್ದೆಂದ. ಬಾಗಿಲಲ್ಲೇ ನಿಂತು, “ಅಣ್ಣಾ, ನೀನು ದಾವಣಗೆರೆಗೆ ಬರ್ಬೇಕು, ಸುತ್ತಿನ ಟೈಮು ಕೂಗೋಕೆ” ಎಂದ. ಅವನಿಗೆ ಒಳಗೆ ಬಾ ಎಂದು ಹೇಳಿದ್ದು ಅಜ್ಜಿ, ನಾನಲ್ಲ. ಶೇಂಗಾವನ್ನು ಉಪ್ಪು ಹಾಕಿ ಬೇಯಿಸಿದಳು. ಮೂವರೂ ಸುಲಿದು ತಿಂದೆವು. ಎರಡನೆಯ ಬೊಗಸೆಯ ಹೊತ್ತಿಗೆ ನಾನು ಅವನಿಗೆ ಮೊದಲ ಸುತ್ತನ್ನು ಎಷ್ಟು ಸೆಕೆಂಡಿನಲ್ಲಿ ಓಡಬೇಕೆಂದು ಹೇಳುತ್ತಿದ್ದೆ.

ದಾವಣಗೆರೆಯಲ್ಲಿ ಅವನು ನಾನು ಹೇಳಿದ್ದನ್ನೆಲ್ಲ ಮರೆತ. ಗುಂಡು ಹಾರಿದ್ದೇ ತಡ, ಹುಲಿ ಅಟ್ಟಿಸಿಕೊಂಡು ಬಂದವನಂತೆ ಹೊರಟು ಮೊದಲ ಸುತ್ತನ್ನು ಅರವತ್ತೈದು ಸೆಕೆಂಡಿನಲ್ಲಿ ಮುಗಿಸಿದ. ನಾನು ತಿರುವಿನಲ್ಲಿ ನಿಂತು ಕೈಯಲ್ಲಿ ಗಡಿಯಾರ ಹಿಡಿದು “ತಡಿಯೋ, ತಡಿಯೋ” ಎಂದು ಕೂಗಿದ ಕೂಗಿಗೆ ಮುಂದಿದ್ದ ಬೇರೆ ಕಾಲೇಜಿನವನೊಬ್ಬ ತಡೆದನೇ ಹೊರತು ಇವನು ತಡೆಯಲಿಲ್ಲ. ಎರಡನೆಯ ಸುತ್ತಿನಲ್ಲಿ ಸೋತು ಏಳನೆಯವನಾದ. ಕೊನೆಯ ಸುತ್ತಿನಲ್ಲಿ ಅದೇನು ನೆನಪಾಯಿತೋ, ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತ ಬಂದು ನಾಲ್ಕನೆಯವನಾಗಿ ಮುಗಿಸಿದ. ೪ ನಿಮಿಷ ೨೬ ಸೆಕೆಂಡು. ಅವನು ನೇರ ಹಾದಿಗೆ ತಿರುಗಿದಾಗ ಕಾಣಲೆಂದು ನಾನು ಜನರ ತಲೆಗಳ ಮೇಲಿಂದ ಇಣುಕುತ್ತಿದ್ದೆ. ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು, ಎರಡೂ ಹಿಮ್ಮಡಿಗಳನ್ನು ಎತ್ತಿ ತುದಿಗಾಲಿನಲ್ಲೇ ನಿಂತಿದ್ದೇನೆಂದು. ಎಣಿಸಿರಲಿಲ್ಲ.

ಇಪ್ಪತ್ತೈದು ಬಂದದ್ದು ಡಿಸೆಂಬರ್ ಮೊದಲ ವಾರದಲ್ಲಿ, ಕೂಟ ಮುಗಿದ ಆರನೆಯ ದಿನ. ಫಿಸಿಯೋಥೆರಪಿಯ ಮೇಡಂ ಒಂಟಿಕಾಲಿನಲ್ಲಿ ಕುಪ್ಪಳಿಸಿ ನೋಡಿಸಿ, “ಇನ್ನು ಇಲ್ಲಿಗೆ ಬರಬೇಡಿ” ಎಂದರು. ಅವರು ಹೊಗಳುವ ರೀತಿ ಅದು. ಫೆಬ್ರವರಿಯಲ್ಲಿ ನಮ್ಮ ಕಾಲೇಜಿನ ವಾರ್ಷಿಕ ಕ್ರೀಡೋತ್ಸವದಲ್ಲಿ ೧೫೦೦ ಮೀಟರ್ ಓಡಿದೆ. ಚಳ್ಳಕೆರೆಯ ಹುಡುಗ ಮೊದಲನೆಯವನು, ನಾನು ಎರಡನೆಯವನು, ೪ ನಿಮಿಷ ೩೩ ಸೆಕೆಂಡು. ಕೊನೆಯ ಮುನ್ನೂರು ಮೀಟರನ್ನು ಮುಂಗಾಲಿನಲ್ಲೇ ಓಡಿದೆ. ಬಹುಮಾನವಾಗಿ ಬಂದ ಸ್ಟೀಲಿನ ಡಬ್ಬಿಯಲ್ಲಿ ಈಗ ಅಜ್ಜಿ ಎಲೆ ಅಡಿಕೆ ಇಟ್ಟುಕೊಂ‍ಡಿದ್ದಾಳೆ.

ಬೆಳಗಿನ ಓಟ ಮತ್ತೆ ಆರಂಭವಾದ ಮೇಲೆ ಸಂಜೆಯ ನಡಿಗೆಗೆ ಜೊತೆಯಿಲ್ಲವೆಂದು ಆಕೆಯ ದೂರು. ಮಂಗಳವಾರ, ಶುಕ್ರವಾರ ತಪ್ಪದೆ ಹೋಗುತ್ತೇನೆ. ಉಳಿದ ದಿನ ಗ್ರಂಥಾಲಯ, ಪರೀಕ್ಷೆ. ಭಾನುವಾರದ ಅಳತೆಯನ್ನು ಮಾತ್ರ ಬಿಟ್ಟಿಲ್ಲ. ಹೋದ ಭಾನುವಾರ ಬಲಗಾಲು ಮೂವತ್ತಾರು, ಎಡಗಾಲು ಮೂವತ್ತೈದೂವರೆ. ದರ್ಜಿಯವರ ಪಟ್ಟಿಯನ್ನು ಸುತ್ತಿಡುತ್ತಿದ್ದಾಗ ಅಜ್ಜಿ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ ಕಾಲು ಚಾಚಿದಳು.

“ನಂದೂ ಅಳಿ ಮಗಾ, ನೋಡಾಣ.”

ಅಳೆದೆ. ಇಪ್ಪತ್ತಾರು.

“ಅಷ್ಟಾದ್ರೂ ಐತಾ?” ಎಂದಳು.